ಗಾಡಿ ಹೊಳ್ಯಾಗ ಇತ್ತೇನ್ರಿ?

ನನಗೆ ಮರಾಠಿ ಚೆನ್ನಾಗಿ ಬರುತ್ತದೆ. ಇಚಲಕರಂಜಿಯಲ್ಲಿ ಮಗ್ಗದ ಬಿಡಿಭಾಗ ಮಾರುವ ಅಂಗಡಿ ಇಟ್ಟುಕೊಂಡವನಿಗೆ ಬರದೆ ಗತಿಯೂ ಇಲ್ಲ. ಮನೆಯಲ್ಲಿ ಕನ್ನಡ, ಗಲ್ಲೆಯ ಮೇಲೆ ಮರಾಠಿ; ಒಂದರಿಂದ ಒಂದಕ್ಕೆ ದಾಟುವಾಗ ಹೊಸ್ತಿಲು ಎಡವಿದ್ದು ನೆನಪಿಲ್ಲ. ಆದರೆ ನಿಮ್ಮ ಮುಂದೆ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನನ್ನ ಮರಾಠಿ ಹೆದರಿಕೆ ಆಗುವ ತನಕ ಮಾತ್ರ. ಹೆದರಿದೆನೆಂದರೆ ಎಲ್ಲಿಂದಲೋ ಒಂದು ಕನ್ನಡ ಶಬ್ದ ಬಂದು ಮರಾಠಿ ವಾಕ್ಯದ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತದೆ. ಹಾಗೆ ಕೂತ ಒಂದು ಶಬ್ದದ ದೆಸೆಯಿಂದ ಒಳ್ಳೆಯ ಗಾಡಿಯೊಂದನ್ನು ಬಿಟ್ಟು ಬರುವವನಿದ್ದೆ.

ಗಾಡಿ ಬೇಕಾಗಿದ್ದದ್ದು ಮಗಳಿಗಾಗಿ. ಪದ್ಮಾಳನ್ನು ಚಂದಗಡಕ್ಕೆ ಕೊಟ್ಟಿದ್ದೇವೆ. ಅಳಿಯನದು ಅಲ್ಲಿ ಭತ್ತದ ಗಿರಣಿ, ಅವಳು ಅಲ್ಲಿಯ ಶಾಲೆಯಲ್ಲಿ ಕಲಿಸುತ್ತಾಳೆ. ಚೊಚ್ಚಲ ಬಾಣಂತನ ತವರಿನಲ್ಲಿ ಎಂದು ಎಲ್ಲರೂ ಒಪ್ಪಿದ್ದೆವು, ಆದರೆ ಅವಳಿಗೆ ರಜೆ ಸಿಗುವುದು ಸರಿಯಾಗಿ ಮಳೆ ಹಿಡಿದುಕೊಳ್ಳುವ ಹೊತ್ತಿಗೆ. ಚಂದಗಡದ ಮಳೆಯನ್ನು ನೀವು ನೋಡಿರದಿದ್ದರೆ ನಾನು ಹೇಳಿದರೂ ನಂಬುವುದಿಲ್ಲ. ಹಿಂದಿನ ವರ್ಷ ನಮ್ಮ ಸಣ್ಣ ಕಾರು ಆ ರಸ್ತೆಯ ನೀರಿನಲ್ಲಿ ಕೆಟ್ಟು ನಿಂತಿತು. ಎಮ್ಮೆಗಳು ನಮ್ಮನ್ನು ಹಿಂದೆ ಹಾಕಿ ಹೋಗುವುದನ್ನು ನಾನು ಕಿಟಕಿಯಿಂದ ನೋಡುತ್ತ ಕೂತಿದ್ದೆ. ತುಂಬು ಬಸುರಿಯನ್ನು ಆ ಕಾರಿನಲ್ಲಿ ತರುವ ಮಾತನ್ನು ನನ್ನ ಹೆಂಡತಿ ಶೈಲಾ ಎತ್ತಲೂ ಬಿಡಲಿಲ್ಲ. ಎತ್ತರದ, ಗಟ್ಟಿಮುಟ್ಟಾದ ಡೀಸೆಲ್ ಗಾಡಿ ಬೇಕು, ಹೊಸದು ಕೈಗೆ ಎಟುಕದು, ಆದ್ದರಿಂದ ಯಾರಾದರೂ ಓಡಿಸಿದ್ದನ್ನು ನೋಡಬೇಕು ಎಂದಾಯಿತು.

ಓಡಿಸಿದ್ದರ ಬಗ್ಗೆ ತಕರಾರಿಲ್ಲ. ತೇಲಿಸಿದ್ದರ ಬಗ್ಗೆ ಇತ್ತು. ಕೃಷ್ಣೆ, ಪಂಚಗಂಗೆ ಉಕ್ಕಿ ಬಂದ ವರ್ಷಗಳಲ್ಲಿ ನಮ್ಮ ಕಡೆ ಎಷ್ಟೋ ಗಾಡಿಗಳು ನೀರಿನಲ್ಲಿ ಮುಳುಗಿ, ಆಮೇಲೆ ತೊಳೆದು ಒರೆಸಿಕೊಂಡು ಹೊಸ ಧಣಿಯ ಮನೆಗೆ ಹೋಗಿವೆ. ಉದಗಾಂವದಲ್ಲಿರುವ ಶೈಲಾಳ ತಮ್ಮ ಅಂಥದ್ದೊಂದನ್ನು ತಿಳಿಯದೆ ತಂದ. ನೋಡಲು ಮದುವಣಗಿತ್ತಿ. ಮೊದಲ ಮಳೆ ಬಿತ್ತು ನೋಡಿ, ಅದಕ್ಕೆ ಮೈಮೇಲೆ ಬಂದಿತು. ವೈಪರ್ ತಾನಾಗಿ ಆಡುವುದು, ದೀಪ ತಾನಾಗಿ ಹತ್ತುವುದು. ನಾಂದಣಿಯ ಮಠದಲ್ಲಿ ಪ್ರವಚನ ನಡೆದಾಗ ಹೊರಗೆ ನಿಲ್ಲಿಸಿದ್ದ ಗಾಡಿ ಯಾರೂ ಮುಟ್ಟದೆ ಹಾರ್ನ್ ಹೊಡೆಯತೊಡಗಿತು, ಅದೂ ಮೌನದ ಮಹಿಮೆ ಹೇಳುವಾಗ. ಪಾಪ, ಆತ ಮುಂದಿನ ಪ್ರವಚನಗಳಿಗೆ ಸೈಕಲ್ ಮೇಲೆ ಹೋದ.

ನನ್ನ ಮಗಳನ್ನು ಕೂರಿಸಿಕೊಂಡು ಘಟ್ಟದ ತಿರುವಿನಲ್ಲಿ ಅಂಥ ಗಾಡಿ ಕೈಕೊಟ್ಟರೆ ಏನು ಗತಿ ಎನ್ನುವುದೇ ನನ್ನ ಚಿಂತೆಯಾಯಿತು. ಎಲ್ಲರನ್ನೂ ಗಾಡಿಯ ಪೂರ್ವಚರಿತ್ರೆ ಕೇಳುತ್ತ ಹೊರಟೆ. ಸರ್ವಿಸಿಂಗ್ ಎಲ್ಲೆಲ್ಲಿ ಆಯಿತು, ವಿಮೆಯ ಕ್ಲೇಮು ಮಾಡಿದ್ದರೇ, ಪಿಯುಸಿ ಸರಿಯಾಗಿ ಆಗುತ್ತ ಬಂದಿದೆಯೇ. ಬೆಳಗಾವಿಯ ನನ್ನ ತಂಗಿಗೆ ಫೋನಿನಲ್ಲಿ, ಒಂದು ಗಾಡಿ ಚೆನ್ನಾಗಿತ್ತು ಆದರೆ ಪಿಯುಸಿ ಆಗಿಲ್ಲ ಎಂದೆ. ಅವಳ ಮಗ ಆ ವರ್ಷವೇ ಪಿಯುಸಿಯಲ್ಲಿ ನಪಾಸಾಗಿದ್ದ. ನಾನು ಹೊಗೆಯ ತಪಾಸಣೆಯ ಚೀಟಿಯ ಮಾತಾಡುತ್ತಿದ್ದೇನೆಂದು ನಂಬಿಸುವುದರಲ್ಲಿ ಸಾಕಾಯಿತು. ಪದ್ಮಾಳ ವರನನ್ನು ನೋಡುವಾಗ ಇದರ ಕಾಲು ಭಾಗ ಪ್ರಶ್ನೆಯನ್ನೂ ಕೇಳಿರಲಿಲ್ಲ ಎಂದು ಶೈಲಾ ನೆನಪಿಸಿದಳು. ಅಳಿಯ ಒಳ್ಳೆಯವನೇ ಸಿಕ್ಕ, ಅದು ನಮ್ಮ ಪುಣ್ಯ.

ಗಡಹಿಂಗ್ಲಜದ ಗಾಡಿಯ ಸುದ್ದಿ ತಂದವನೂ ಆ ಅಳಿಯನೇ. ಅದು ಶಾಲಿನಿತಾಯಿ ಎಂಬ ನಿವೃತ್ತ ಶಿಕ್ಷಕಿಯ ಮನೆಯದು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಊರಿಗೆಲ್ಲ ಅವರು ಅಕ್ಕ. ಯಜಮಾನರ ಕಣ್ಣು ಮಂದವಾಗಿ ಓಡಿಸುವವರಿಲ್ಲದೆ ಗಾಡಿ ನಿಂತಿತ್ತು. ನಾನೂ ಶೈಲಾಳೂ ಬಸ್ಸಿನಲ್ಲಿ ಹೋದೆವು. ಅಚ್ಚುಕಟ್ಟಾದ ಬಿಳಿ ಗಾಡಿ, ಕೊಲ್ಹಾಪುರದಲ್ಲೇ ನೋಂದಣಿಯಾದದ್ದು, ಕಾಗದಪತ್ರಗಳಲ್ಲಿ ಬೆರಳಿಟ್ಟು ತೋರಿಸುವಂಥ ದೋಷವಿಲ್ಲ. ಯಜಮಾನರು ಜೋಕಾಲಿಯ ಮೇಲೆ ಕೂತು ನಗುತ್ತ ಕೇಳಿಸಿಕೊಳ್ಳುತ್ತಿದ್ದರು. ಶೈಲಾ ಹಿತ್ತಲಿನ ಹೂವಿನ ಗಿಡ ನೋಡಲು ಹೋದಳು. ಮುಖ್ಯ ಪ್ರಶ್ನೆಯೊಂದು ಉಳಿದಿತ್ತು. ಕೇಳುವಾಗ ಹೆದರಿದೆ, ಆಗ ಕನ್ನಡ ಶಬ್ದ ಬಂದು ಕೂತಿತು. ಮಹಾಪೂರಕ್ಕೆ ನಾವು ಮನೆಯಲ್ಲಿ ಹೊಳಿ ಬಂತು ಎನ್ನುವವರಲ್ಲವೆ?

“ಗಾಡಿ ಕಧೀ ಹೊಳೀತ ಹೋತೀ ಕಾ?” ಎಂದೆ. ಗಾಡಿ ಎಂದಾದರೂ ಹೊಳೆಯಲ್ಲಿ ಇತ್ತೇ ಎಂದು ನನ್ನ ಪ್ರಶ್ನೆ.

ತಾಯಿಯ ಮುಖ ಅರಳಿತು. “ಹೋತೀ ಕೀ. ದರವರ್ಷೀ,” ಎಂದರು.

ಇತ್ತಲ್ಲ, ಪ್ರತಿವರ್ಷವೂ! ಒಮ್ಮೆಯೂ ತಪ್ಪಿಲ್ಲ, ಮೊಮ್ಮಕ್ಕಳಿಗಂತೂ ಭಾರಿ ಇಷ್ಟ ಎಂದೂ ಸೇರಿಸಿದರು. ಜೋಕಾಲಿಯ ಮೇಲಿನ ಯಜಮಾನರೂ ಸಂತೋಷದಿಂದ ತಲೆಯಾಡಿಸಿದರು. ಪ್ರತಿವರ್ಷ ಮೊಮ್ಮಕ್ಕಳ ಸಮೇತ ಗಾಡಿಯನ್ನು ಹೊಳೆಗೆ ಇಳಿಸಿ ನಗುವ ಈ ಮನೆತನವನ್ನು ನಾನು ಬೆರಗಿನಿಂದ ನೋಡಿದೆ. ಮುಚ್ಚಿಡಲಿಲ್ಲವಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದು, ಚಹಾ ಮುಗಿಸಿ, ಆಮೇಲೆ ತಿಳಿಸುತ್ತೇನೆಂದು ಹೇಳಿ ಹೊರಬಿದ್ದೆ.

ಬಸ್ ಸ್ಟ್ಯಾಂಡಿನಲ್ಲಿ ಶೈಲಾ ಗಾಡಿ ಯಾಕೆ ಬೇಡವಾಯಿತೆಂದು ಕೇಳಿದಳು. ನಾನು ದನಿ ತಗ್ಗಿಸಿ ಹೇಳಿದೆ. ಅವಳು ಅವರ ಮನೆ ದಿಬ್ಬದ ಮೇಲಿದೆ, ಹೊಳೆ ಅಲ್ಲಿಗೆ ಹೇಗೆ ಬರುತ್ತದೆ ಎಂದಳು. ಆಮೇಲೆ ನಾನು ಕೇಳಿದ ಪ್ರಶ್ನೆಯನ್ನು ಇದ್ದಂತೆಯೇ ಹೇಳಿಸಿದಳು. ಹೇಳಿ ಮುಗಿಯುವ ಮೊದಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಅವರು ಹೋಳಿ ಹಬ್ಬ ಅಂತ ತಿಳಕೊಂಡಾರ್ರಿ. ಹಬ್ಬಕ್ಕ ಗಾಡಿ ತಗೊಂಡು ಹಳ್ಳಿಗೆ ಹೋಗತಿರಬೇಕು. ಏಳ್ರಿ, ತಿರಗಿ ಹೋಗೂಣು.”

ಮರಾಠಿಗೆ ಒಂದೇ ಓ. ನಮ್ಮ ಹಾಗೆ ಹ್ರಸ್ವಕ್ಕೊಂದು ದೀರ್ಘಕ್ಕೊಂದು ಇಟ್ಟುಕೊಳ್ಳುವ ಉಸಾಬರಿ ಅದಕ್ಕಿಲ್ಲ. ನಮಗೆ ಹೊಳಿ ಬೇರೆ, ಹೋಳಿ ಬೇರೆ, ಆ ದಿನ ತಟ್ಟೆಗೆ ಬೀಳುವ ಹೋಳಿಗೆ ಬೇರೆ. ಒಂದು ದೀರ್ಘದ ವ್ಯತ್ಯಾಸಕ್ಕಾಗಿ ಪಂಡಿತರು ಜಗಳಾಡುವುದನ್ನು ಕಂಡು ನಾನು ನಕ್ಕಿದ್ದುಂಟು. ಇನ್ನು ನಗುವುದಿಲ್ಲ. ಆ ದೀರ್ಘದ ಒಳಗೆ ನನ್ನ ಮಗಳು, ಹುಟ್ಟಲಿರುವ ಕೂಸು, ಒಂದು ಡೀಸೆಲ್ ಗಾಡಿ ಎಲ್ಲವೂ ಹಿಡಿಸಿದ್ದವು.

ಬಾಗಿಲಲ್ಲಿ ಮತ್ತೆ ನಮ್ಮನ್ನು ಕಂಡ ತಾಯಿಗೆ ಶೈಲಾ ವಿಷಯ ಹೇಳಿದಳು. ಗಂಡಹೆಂಡತಿ ಇಬ್ಬರೂ ಕಣ್ಣೀರು ಬರುವ ಹಾಗೆ ನಕ್ಕರು. ಆಮೇಲೆ ತಾಯಿ ನಗು ನಿಲ್ಲಿಸಿ ಯಜಮಾನರ ಕಡೆ ನೋಡಿದರು. ಅವರು ಹೇಳು ಎನ್ನುವಂತೆ ತಲೆಯಾಡಿಸಿದರು. ಅಷ್ಟು ಹೊತ್ತು ಮರಾಠಿಯಲ್ಲೇ ಇದ್ದ ತಾಯಿ ಕನ್ನಡಕ್ಕೆ ಬಂದರು.

“ನೀವು ಹೊಳಿ ಅಂತ ಕೇಳಿದ್ರ ಅದಕ್ಕೂ ಉತ್ತರ ಐತ್ರಿ. ಒಮ್ಮಿ ನೀರಾಗ ಹೋಗೇತಿ ಗಾಡಿ.”

ಮಹಾಪೂರದ ಒಂದು ವರ್ಷ ಅವರ ಹಳ್ಳಿಯ ಕೆಳಗಿನ ಓಣಿಗೆ ನೀರು ನುಗ್ಗಿತ್ತು. ಮುದುಕರನ್ನೂ ಒಬ್ಬ ಬಾಣಂತಿಯನ್ನೂ ಹೊರಗೆ ತರಲು ಯಜಮಾನರು ಇದೇ ಗಾಡಿಯನ್ನು ನೀರಿಗಿಳಿಸಿದ್ದರು. ನೀರು ಗಾಡಿಯ ಬಾಗಿಲಿನ ಕೆಳ ಅಂಚಿನ ತನಕ ಬಂದು ನಿಂತಿತು, ಒಳಗೆ ಹೊಗಲಿಲ್ಲ. ಆದರೂ ತಾಯಿ ನೆಲದ ಹಾಸನ್ನೆಲ್ಲ ಕಿತ್ತು ಮಾಳಿಗೆಯ ಮೇಲೆ ಒಣಗಿಸಿ, ಗಾಡಿಯನ್ನು ಬಿಚ್ಚಿಸಿ ತಪಾಸಣೆ ಮಾಡಿಸಿದ್ದರು. ವಿಮೆ ಕೇಳಲಿಲ್ಲವಾದ್ದರಿಂದ ಯಾವ ಕಾಗದದಲ್ಲೂ ಅದು ಇಲ್ಲ. ನೀವು ಬಸುರಿ ಮಗಳನ್ನು ಕರೆತರುವವರು, ಬೇಡವೆನಿಸಿದರೆ ನಮಗೇನೂ ಬೇಸರವಿಲ್ಲ ಎಂದರು.

ಇಷ್ಟು ದಿನ ಈ ಒಂದು ಮಾತಿಗೇ ಹೆದರಿ ಊರೂರು ತಿರುಗಿದ ನನಗೆ, ಆ ಮಾತು ಎದುರು ಬಂದು ಕೂತಾಗ ಹೆದರಿಕೆ ಮಾತ್ರ ಕಾಣೆಯಾಗಿತ್ತು. ಶೈಲಾ ನನ್ನ ಕಡೆ ನೋಡದೆಯೇ ಹೇಳಿದಳು.

“ಒಬ್ಬ ಬಾಣಂತಿನ್ನ ದಡಾ ಮುಟ್ಟಿಸಿದ ಗಾಡಿ. ನಮಗ ಇದ ಇರ್ಲ್ರಿ ತಾಯಿ.”

ಆದರೂ ನನ್ನ ಬುದ್ಧಿ ಎಲ್ಲಿಗೆ ಹೋದೀತು, ಕೊಲ್ಹಾಪುರಕ್ಕೆ ಒಯ್ದು ಪರಿಚಯದ ಮೇಸ್ತ್ರಿಯಿಂದ ಸೀಟಿನ ಕೆಳಗಿನ ಬೋಲ್ಟುಗಳನ್ನೂ ವೈರುಗಳನ್ನೂ ತುಕ್ಕು ಹಿಡಿದಿದೆಯೇ ಎಂದು ನೋಡಿಸಿದೆ. ತಾಯಿ ಹೇಳಿದ್ದಕ್ಕೆ ಒಂದು ಕೂದಲೆಳೆಯೂ ವ್ಯತ್ಯಾಸವಿರಲಿಲ್ಲ. ಮಳೆ ಹಿಡಿದ ಮೇಲೆ ಚಂದಗಡಕ್ಕೆ ಹೋದೆವು. ಬರುವಾಗ ಕಳೆದ ವರ್ಷ ನಾನು ಎಮ್ಮೆಗಳನ್ನು ನೋಡುತ್ತ ಕೂತಿದ್ದ ಜಾಗದಲ್ಲಿ ಮತ್ತೆ ನೀರು ಹರಿಯುತ್ತಿತ್ತು. ಇಳಿದು ಆಳ ನೋಡಿ, ನೀರು ತಗ್ಗುವ ತನಕ ಕಾದು, ನಿಧಾನವಾಗಿ ದಾಟಿಸಿದೆ. ಗಾಡಿ ಕೆಮ್ಮಲಿಲ್ಲ. ಹಿಂದಿನ ಸೀಟಿನಲ್ಲಿ ಪದ್ಮಾ ಶೈಲಾಳ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಮಗಳು ನಿದ್ದೆ ಮಾಡುತ್ತಿದ್ದಾಳೆ ಎಂಬಷ್ಟಕ್ಕೇ ನನ್ನ ಕಣ್ಣು ತುಂಬಿ ಬಂತು. ವೈಪರ್ ಒಳಗಿನ ನೀರನ್ನು ಒರೆಸುವುದಿಲ್ಲವಲ್ಲ.

ಈಗ ಮನೆಯಲ್ಲಿ ಮೊಮ್ಮಗಳಿದ್ದಾಳೆ. ಮೊನ್ನೆ ಹೋಳಿ ಹುಣ್ಣಿಮೆ ಹತ್ತಿರ ಬಂದಾಗ ಶೈಲಾ ಒಂದು ಮಾತು ತೆಗೆದಳು. ಒಮ್ಮೆಯೂ ತಪ್ಪಿಲ್ಲ ಎಂದಿದ್ದರಲ್ಲ ಆ ತಾಯಿ, ಗಾಡಿ ನಾವು ತಂದೆವು, ಈ ವರ್ಷ ಅವರು ಹಳ್ಳಿಗೆ ಹೇಗೆ ಹೋಗುತ್ತಾರೆ? ನನಗೆ ಹೊಳೆದೇ ಇರಲಿಲ್ಲ. ಎಲ್ಲರೂ ಗಡಹಿಂಗ್ಲಜಕ್ಕೆ ಹೋದೆವು. ಯಜಮಾನರು ಬಾನೆಟ್ಟಿನ ಮೇಲೆ ಕೈಯಾಡಿಸಿ ಗುರುತು ಹಿಡಿದರು, ಮುಂದಿನ ಸೀಟಿನಲ್ಲಿ ಕೂತರು. ತಾಯಿ ಕೂಸನ್ನು ಎತ್ತಿಕೊಂಡರು. ಹಳ್ಳಿಯಲ್ಲಿ ಹೋಳಿ ಹತ್ತಿಸಿದರು, ನಾವು ಹೋಳಿಗೆ ತಿಂದೆವು, ಗಾಡಿ ಹೊಳೆಯ ಕಡೆ ಮುಖ ಮಾಡಿ ನಿಂತಿತ್ತು.

ಮುಂದೆ ಎಂದಾದರೂ ಇದನ್ನು ಮಾರಬೇಕಾಗಿ ಬಂದು, ಯಾರಾದರೂ ಹೆದರಿದ ಮುಖ ಹೊತ್ತು ನನಗೆ ಅದೇ ಪ್ರಶ್ನೆ ಕೇಳಬಹುದು. ಹೋಳಿಯೋ ಹೊಳೆಯೋ ಎಂದು ನಾನು ತಿರುಗಿ ಕೇಳುವುದಿಲ್ಲ. “ಇತ್ತು, ಕೂಡ್ರಿ” ಎಂದು ಹೇಳಿ, ಚಹಾಕ್ಕೆ ಇಡಿಸಿ, ಎರಡನ್ನೂ ಹೇಳುತ್ತೇನೆ.