ಪ್ಲಾಸ್ಟರ್ ನೆನೆಸಿದ ಅಜ್ಜಿ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಾನು ತಾಂಡೂರಿನ ಒಂದು ಸಣ್ಣ ದವಾಖಾನೆಯಲ್ಲಿ ನರ್ಸ್ ಆಗಿದ್ದೆ; ಎಲ್ಲರೂ ನನ್ನನ್ನು 'ಬಾಯಿ' ಎಂದೇ ಕರೆಯುತ್ತಿದ್ದರು. ಡಾಕ್ಟರ್ ಸಾಹೇಬರು, ಒಬ್ಬ ಕಾಂಪೌಂಡರ್, ನಾನು; ಇಷ್ಟೇ ಸಿಬ್ಬಂದಿ. ಬೈಯುವ ಕೆಲಸ ಮಾತ್ರ ಪೂರ್ತಿ ನನ್ನದು. ಅದರಲ್ಲಿ ನಾನು ಎಂದೂ ಹಿಂದೆ ಬಿದ್ದವಳಲ್ಲ.

ಒಮ್ಮೆ ಕಲ್ಲಿನ ಗಣಿಯಲ್ಲಿ ಕೂಲಿ ಮಾಡುತ್ತಿದ್ದ ಹೆಂಗಸೊಬ್ಬಳು ನಮ್ಮಲ್ಲಿ ಹೆಣ್ಣುಮಗು ಹೆತ್ತು ಮೂರನೆಯ ದಿನ ತೀರಿಕೊಂಡಳು. ಮಗುವಿನ ಎರಡೂ ಪಾದಗಳು ಒಳಕ್ಕೆ ತಿರುಗಿದ್ದವು. ಇದಕ್ಕೆ ಕ್ಲಬ್ ಫುಟ್ ಎನ್ನುತ್ತಾರೆ. ಎಲುಬು ಎಳೆಯದಾಗಿರುವಾಗಲೇ ಪಾದವನ್ನು ಸ್ವಲ್ಪ ಸ್ವಲ್ಪ ತಿದ್ದಿ, ಪ್ಲಾಸ್ಟರ್ ಕಟ್ಟಿ, ವಾರಕ್ಕೊಮ್ಮೆ ಬದಲಿಸುತ್ತ ಹೋದರೆ ನೆಟ್ಟಗಾಗುತ್ತದೆ. ತಡವಾದರೆ ಜೀವನಪೂರ್ತಿ ಪಾದದ ಅಂಚಿನ ಮೇಲೆ ನಡೆಯಬೇಕು. ಮಗುವಿನ ತಂದೆ, "ನನ್ನ ಕೈಲಿಂದ ಆಗಾಂಗಿಲ್ಲರಿ, ಬಾಯಿ" ಎಂದು ಮಗುವನ್ನು ಬಿಟ್ಟುಕೊಡುವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊರಟುಹೋದ.

ಮಗುವನ್ನು ಸಾಕುವವರು ಬೇಕೆಂದು ಊರೂರಿಗೆ ಹೇಳಿ ಕಳಿಸಿದೆ. ನಾಲ್ಕು ಮನೆಯವರು ಬಂದರು, ಪಾದ ನೋಡಿದರು, ಹೋದರು. ಐದನೆಯವರು ಬಶೀರಾಬಾದಿನ ಲಿಂಗಾಯತ ಒಕ್ಕಲುತನದ ಮನೆಯವರು: ಮಕ್ಕಳಿಲ್ಲದ ಸಂಗಮ್ಮ, ಅವಳ ಗಂಡ, ಅತ್ತೆ ಗುರುಬಸವ್ವ. ಮುದುಕಿ ಆ ಪಾದಗಳನ್ನು ಅಂಗೈಯಲ್ಲಿ ಹಿಡಿದು, "ದವಾ ಅದ ಅಂತೀರಲ್ಲ, ಮತ್ತೇನು? ನಮಗ ಕೊಡ್ರಿ" ಎಂದಳು. ಸಾಹೇಬರು ಮೊದಲ ಪ್ಲಾಸ್ಟರ್ ಕಟ್ಟಿದರು. ನೀರು ತಾಕಿಸಕೂಡದು ಎಂದು ಸಂಗಮ್ಮನಿಗೆ ಗದರಿಸಿ ಹೇಳಿ ಕಳಿಸಿದೆ.

ಮೂರು ವಾರ, ಮೂರು ಸಲವೂ ಪ್ಲಾಸ್ಟರ್ ಮೆತ್ತಗಾಗಿ ಕಳಚಿಕೊಂಡೇ ಬಂತು. ತಿದ್ದಿದ ಪಾದ ಮತ್ತೆ ಒಳಕ್ಕೆ ತಿರುಗಿರುತ್ತಿತ್ತು. ನನ್ನ ಪಿತ್ತ ನೆತ್ತಿಗೇರಿತು. ಸಂಗಮ್ಮನ ಉಡಿಯಿಂದ ಮಗುವನ್ನು ಎತ್ತಿಕೊಂಡೇಬಿಟ್ಟೆ. ಹೈದರಾಬಾದಿನ ಅನಾಥಾಲಯಕ್ಕೆ ಕಾಗದ ಬರೆಯಿರೆಂದು ಸಾಹೇಬರಿಗೆ ಹೇಳಿದೆ. ಸಂಗಮ್ಮ ಗೋಡೆಗೆ ಮುಖ ಮಾಡಿ ಅತ್ತಳು.

ಜೊತೆಗೆ ಬಂದಿದ್ದ ಗುರುಬಸವ್ವ ಅಳಲಿಲ್ಲ. "ಕೂಸಿಗಿ ಲಿಂಗ ಕಟ್ಟಿಸೀವಿ. ತಿರುಗಿ ಕೊಡಾಕ ಇದೇನು ಅಂಗಡ್ಯಾಗಿನ ಸೀರಿ ಏನ್ರಿ?"

"ನೀರು ತಾಕಿಸಬ್ಯಾಡ ಅಂದಿದ್ದಿಲ್ಲೇನು?" ಎಂದೆ.

"ದಿನಾ ಎಣ್ಣಿ ಹಚ್ಚಿ ಎರೀದಿದ್ರ ಕೂಸು ಹ್ಯಾಂಗ ಗಟ್ಟಿ ಆಗ್ತದ? ಅದು ಲೇಪದ ಮದ್ದು, ಒಂದಿನ ಹತ್ತಿದ್ರ ಸಾಕು ಅಂತ ತಿಳಕೊಂಡಿದ್ದೆ. ಬ್ಯಾಡ ಅಂದ್ರಿ ಖರೆ. ಯಾಕ ಅಂತ ಹೇಳಿದ್ರೇನು, ಬಾಯಿ?"

ಆ ಮನೆಯಲ್ಲಿ ಕೂಸಿಗೆ ಎರೆಯುವವಳು ಗುರುಬಸವ್ವ. ನಾನು ಸೊಸೆಯನ್ನು ಬೈದು ಬೈದು ಇವಳೊಡನೆ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ: ಇದರೊಳಗೆ ಮದ್ದು ಏನೂ ಇಲ್ಲ, ಇದರ ಗಟ್ಟಿತನವೇ ಮದ್ದು; ವಾರವಿಡೀ ಪಾದವನ್ನು ತಿದ್ದಿದ ಹಾಗೆ ಹಿಡಿದಿಡುವುದಷ್ಟೇ ಇದರ ಕೆಲಸ.

"ಹಂಗಾದ್ರ ನಾನೇ ಕೆಡಿಸಿದ್ನಲ್ಲ" ಎಂದಳು ಮುದುಕಿ. ಆಮೇಲೆ ಕೇಳಿದಳು: "ವಾರಕ್ಕೊಮ್ಮಿ ಬಿಚ್ಚಾಕ ಬರಬೇಕಲ್ಲ? ಅವತ್ತ ಇಲ್ಲೇ ಎರಿತೀನಿ. ನೆಂದು ತಾನೇ ಬಿಚ್ಚತದ. ಉಳಿದ ದಿನ ಮೈ ಒರಸ್ತೀನಿ."

ಅಲ್ಲಿಯವರೆಗೆ ನಾವು ಬೇರೆ ಮಕ್ಕಳ ಪ್ಲಾಸ್ಟರನ್ನು ಕತ್ತರಿಯಿಂದ ಕತ್ತರಿಸುತ್ತಿದ್ದೆವು. ಅವು ಕಿರುಚಿ ಕಿರುಚಿ ನೀಲಿಗಟ್ಟುತ್ತಿದ್ದವು. ಸಾಹೇಬರು ಕೂಡಲೇ ಒಪ್ಪಿದರು. ನಾನು ಮಗುವನ್ನು ಸಂಗಮ್ಮನ ಉಡಿಗೇ ಹಾಕಿದೆ. ಆಮೇಲೆ ಪ್ರತಿ ವಾರ ಬಶೀರಾಬಾದಿನಿಂದ ರೈಲಿಗೆ ಬಂದು, ದವಾಖಾನೆಯ ಹಿತ್ತಲಲ್ಲಿ ಮುದುಕಿ ಕಾಲು ಚಾಚಿ ಕೂತು ಎರೆಯುತ್ತಿದ್ದಳು. ನೀರು ಕಾಯಿಸಿ ಕೊಡುವವಳು ನಾನು. ನೀರು ಬೆಚ್ಚಗಾಗಿಲ್ಲವೆಂದು ಅವಳು ನನ್ನನ್ನು ಬೈಯುತ್ತಿದ್ದಳು.

ಮಗು ನಡೆಯಲು ಕಲಿತ ಮೇಲೆ ಒಂದು ದಿನ ತೋರಿಸಲು ಕರೆತಂದರು. ಅಂದೂ ಅಲ್ಲಿಯೇ ಎರೆದರು. ಮೈ ಒರೆಸುವ ಮೊದಲೇ ಮಗು ತಪ್ಪಿಸಿಕೊಂಡು ವರಾಂಡದ ಕಲ್ಲಿನ ಮೇಲೆ ಐದಾರು ಹೆಜ್ಜೆ ಓಡಿತು. ಒದ್ದೆ ಹೆಜ್ಜೆಗಳಲ್ಲಿ ಹಿಮ್ಮಡಿ, ಐದು ಬೆರಳು, ಎಲ್ಲವೂ ಮೂಡಿದ್ದವು. ಅಭ್ಯಾಸಬಲದಿಂದ ನಾನು ನೆಲ ಒರೆಸುವ ಅರಿವೆ ಎತ್ತಿಕೊಂಡೆ.

"ಇರಲಿ ಬಿಡ್ರಿ, ಬಾಯಿ" ಎಂದಳು ಗುರುಬಸವ್ವ. "ತಾನೇ ಆರ್ತದ."

ಆರುವವರೆಗೂ ಇಬ್ಬರೂ ನೋಡುತ್ತ ನಿಂತೆವು. ನನಗೆ ಅಳು ತಡೆಯಲಾಗಲಿಲ್ಲ. ಅಂದಿನಿಂದ ಯಾವ ಮನೆಗೆ ಹೋದರೂ ಕೂಸಿಗೆ ಎರೆಯುವವರು ಯಾರೆಂದು ಮೊದಲು ಕೇಳುತ್ತಿದ್ದೆ. ಬೇಡ ಎನ್ನುವ ಮುಂಚೆ ಯಾಕೆಂಬುದನ್ನು ಅವರ ಪಕ್ಕದಲ್ಲಿ ಕೂತು ಹೇಳುತ್ತಿದ್ದೆ.