ಪುಟ್ಟಸಿದ್ದಮ್ಮನ ಆರು ದಿನ

ಪುಟ್ಟಸಿದ್ದಮ್ಮ ಎಂದೇ ಕರೆಯೋಣ. ನಿಜವಾದ ಹೆಸರು ನನ್ನ ಬಾಯಿಂದ ಬರುವುದಿಲ್ಲ. ಭೀಮನಬೀಡಿನವರು, ಚೆಂಡುಹೂವು ಕೀಳುವ ಕೂಲಿಗೆ ಹೋಗುತ್ತಾರೆ. ಗಂಡನಿಂದ ಎಚ್‌ಐವಿ ಬಂತು. ಅವನು ತೀರಿಹೋಗಿ ಹದಿನಾಲ್ಕು ವರ್ಷ. ಅಷ್ಟೂ ವರ್ಷ ತಿಂಗಳಿಗೊಮ್ಮೆ ಬಸ್ಸು ಹತ್ತಿ ಚಾಮರಾಜನಗರದ ನಮ್ಮ ಚಿಕಿತ್ಸಾ ಕೇಂದ್ರದಿಂದ ಮಾತ್ರೆ ಒಯ್ದಿದ್ದಾರೆ. ಅಲ್ಲಿ ಆಪ್ತಸಮಾಲೋಚಕಿ ನಾನು. ಮಾತ್ರೆ ತಪ್ಪಿಸುವವರಿಗೆ ಹೆಸರು ಹೇಳದೆ ಇವರ ಉದಾಹರಣೆ ಕೊಟ್ಟು ಬೈಯುವುದು ನನ್ನ ಚಾಳಿ.

ಈಚೆಗೆ ಬೆಂಗಳೂರಿನ ಲ್ಯಾಬೊಂದರಿಂದ ಮುಬಶ್ಶಿರಾ ಸಂಶೋಧನೆಗೆಂದು ನಮ್ಮ ರೋಗಿಗಳ ರಕ್ತ ಕೇಳಿಕೊಂಡು ಬಂದಳು. ಚಾಮರಾಜನಗರದವಳೇ, ಟೈಲರ್ ಹಬೀಬುಲ್ಲಾ ಅವರ ಮಗಳು. ಮಾತ್ರೆ ನುಂಗಿ ರಕ್ತದಲ್ಲಿ ವೈರಸ್ ಕಾಣದಂತಾದರೂ, ಲಕ್ಷಾಂತರ ಜೀವಕೋಶಗಳ ನಡುವೆ ಎಲ್ಲೋ ಒಂದೊಂದರಲ್ಲಿ ಅದು ಅವಿತು ಕೂತಿರುತ್ತದಂತೆ. ಅದನ್ನು ಹಿಡಿಯಲು ಒಂದೊಂದೇ ಕೋಶವನ್ನು ಬೇರ್ಪಡಿಸಿ ನೋಡುತ್ತಾರಂತೆ. ನನಗೇ ಅರ್ಧಂಬರ್ಧ ತಿಳಿಯಿತು. ಅಂದು ಮಾತ್ರೆಗೆ ಬಂದಿದ್ದ ಪುಟ್ಟಸಿದ್ದಮ್ಮನಿಗೆ ಥಟ್ಟನೆ ಹೊಳೆಯಿತು.

"ಅವರೆಕಾಯ ಒಟ್ಟಿಗೆ ಬೇಯ್ಸ್‌ಬುಟ್ರೆ ಉಳ ಯಾವುದ್ರಲ್ಲಿತ್ತು ಅಂತ ಗೊತ್ತಾದದಾ? ಒಂದೊಂದೇ ಸುಲುದು ನೋಡ್ಬೇಕು" ಎಂದರು.

ರಕ್ತ ಕೊಡುವವರಿಗೆ ಷರತ್ತು ಒಂದೇ: ಮೂರು ವರ್ಷದಿಂದ ಒಂದು ದಿನವೂ ಮಾತ್ರೆ ತಪ್ಪಿರಬಾರದು. ನಾನು ಜಂಬದಿಂದ ಇವರ ಹೆಸರನ್ನೇ ಮೊದಲು ಬರೆಸಿದೆ.

ಮುಂದಿನ ವಾರ ರಕ್ತ ಕೊಡಲು ಪುಟ್ಟಸಿದ್ದಮ್ಮ ಹೊಸ ಸೀರೆ ಉಟ್ಟು ಬಂದರು. ಕಾರಿಡಾರಿನಲ್ಲಿ ನನ್ನ ಕೈ ಹಿಡಿದುಕೊಂಡು ಎಲ್ಲ ಹೇಳಿದರು. ಹೋದ ವರ್ಷ ಊರಿನವರ ಜೊತೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗಿದ್ದರು. ನಾಲ್ಕು ಜನರ ಬಟ್ಟೆ ಒಂದೇ ಚೀಲದಲ್ಲಿ. ಡಬ್ಬಿ ಯಾರ ಕಣ್ಣಿಗಾದರೂ ಬಿದ್ದೀತೆಂದು ಮಾತ್ರೆ ಮನೆಯಲ್ಲೇ ಬಿಟ್ಟಿದ್ದರು. ಆರು ದಿನ. ಪ್ರತಿ ತಿಂಗಳೂ ಉಳಿದ ಮಾತ್ರೆ ಎಣಿಸುವವಳು ನಾನು, ಸಿಕ್ಕಿಬೀಳಬಾರದೆಂದು ಆ ಆರನ್ನೂ ಬಚ್ಚಲಿಗೆ ಹಾಕಿದ್ದರು.

ಸಿಟ್ಟು ನೆತ್ತಿಗೇರಿತು. ಮರುಕ್ಷಣ ನನ್ನ ಮರ್ಯಾದೆಯ ಚಿಂತೆ ಹತ್ತಿತು. ಯಾರಿಗೂ ಗೊತ್ತಾಗುವುದಿಲ್ಲ, ಸುಮ್ಮನೆ ಹೋಗಿ ಕೈ ಚಾಚಿ ಎಂದೆ. ಹೌದು, ನಾನೇ ಹಾಗೆಂದೆ.

ಅವರು ಒಳಗೆ ಹೋಗಿ ಕೂತರು, ನಾನು ಬಾಗಿಲಲ್ಲಿ ನಿಂತೆ. ಮುಬಶ್ಶಿರಾ ತೋಳಿಗೆ ರಬ್ಬರ್ ಪಟ್ಟಿ ಕಟ್ಟುವ ಮೊದಲೇ ಆರು ದಿನದ ಕಥೆಯನ್ನೆಲ್ಲ ಒಪ್ಪಿಸಿಬಿಟ್ಟರು. ಅವಳು ಪೆಚ್ಚಾದಳು. ಹಾಗಾದರೆ ನಿಮ್ಮ ರಕ್ತ ತೆಗೆದುಕೊಳ್ಳಲು ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದಳು.

"ಗೊತ್ತು ಕಣವ್ವ," ಎಂದರು ಪುಟ್ಟಸಿದ್ದಮ್ಮ. "ಕಾಯ್ಲೆ ಗೊತ್ತಾದ ದಿನ ನಮ್ಮಣ್ಣನೇ ಬಾಗ್ಲು ಆಕೊಂಡ. ಈ ರಕ್ತ ಬೇಕು ಅಂತ ಕೇಳ್ದೋಳು ನೀನೊಬ್ಳೇ. ನಿಂಗೂ ಸುಳ್ಳೇಳ್ಬೇಕಾ?"

ನನಗೆ ಅಲ್ಲಿ ನಿಲ್ಲಲಾಗಲಿಲ್ಲ.