ಪೂಜೆಯ ತಟ್ಟೆಯಲ್ಲಿ ಎರಡು ನಟ್ಟು

...ಎಡಗೈಯೇ ಇರಬೇಕು. ಮೊದಲು ಬಲಗೈ ಎಂದು ಬರೆದು ಹೊಡೆದುಹಾಕಿದೆ. ಮೇಸ್ತ್ರಿಯ ಆ ಕೈಯಲ್ಲಿ ತೋರುಬೆರಳೂ ನಡುಬೆರಳೂ ಅರ್ಧಕ್ಕೇ ನಿಂತುಹೋಗಿದ್ದವು. ತುದಿಯ ಚರ್ಮ ಪಾಲಿಶ್ ಪೇಪರ್ ಉಜ್ಜಿದ ಹಲಗೆಯ ಅಂಚಿನಂತೆ ನುಣ್ಣಗಿತ್ತು, ಚಳಿಗೆ ನೇರಳೆಯಾಗುತ್ತಿತ್ತು. ಆ ಕೈಯನ್ನು ವರ್ಷಗಟ್ಟಲೆ ನೋಡಿದ್ದೇನೆ, ಆದರೆ ಎದುರಿನಿಂದ. ಗರಗಸದ ಮಷೀನಿನ ಈಚೆ ಒಬ್ಬ ಹಲಗೆ ತಳ್ಳಿದರೆ ಆಚೆ ಇನ್ನೊಬ್ಬ ಎಳೆದುಕೊಳ್ಳಬೇಕು. ಎದುರು ನಿಂತವನಿಗೆ ಎಡಬಲ ತಿರುಗುಮುರುಗು. ಉಳಿದ ನೆನಪೂ ಹಾಗೇ ತಿರುಗಿರಬಹುದು.

ವರ್ಕ್‌ಶಾಪ್ ಭದ್ರಾವತಿಯ ಓಲ್ಡ್ ಟೌನ್‌ನಲ್ಲಿತ್ತು. ಬೆಳಿಗ್ಗೆ ಮಷೀನು ಹಾಕುವ ಮೊದಲು ಮೇಸ್ತ್ರಿ ಎಲ್ಲರ ಕೈ ನೋಡುತ್ತಿದ್ದರು. ವಾಚು, ಉಂಗುರ, ಕೈದಾರ ಎಲ್ಲವೂ ಗೋಡೆಯ ಮೊಳೆಗೆ. ತಮ್ಮ ಕೊರಳಿನ ಶಿವದಾರವನ್ನು ಬನಿಯನ್ನಿನೊಳಗೆ ಸೇರಿಸಿ, ಬೇಸಿಗೆಯಲ್ಲೂ ಅಂಗಿಯ ಗುಂಡಿಯನ್ನು ಕೊರಳವರೆಗೆ ಹಾಕಿಕೊಳ್ಳುತ್ತಿದ್ದರು. ಇದು ದೇವರ ದಾರ, ಬಿಚ್ಚುವುದಿಲ್ಲ ಎಂದು ಒಬ್ಬ ಹಟ ಹಿಡಿದಾಗ ಅವರು ಹೇಳಿದ್ದು ಚೆನ್ನಾಗಿ ನೆನಪಿದೆ: “ದೇವರಿಗೆ ನಾನು ಹೇಳ್ಕೋತೀನಿ. ಮಷೀನಿಗೆ ಯಾರು ಹೇಳ್ತಾರೆ ಮಾರಾಯ?”

ಸ್ವಿಚ್ ಆರಿಸಿದ ಮೇಲೂ ಬ್ಲೇಡು ಪೂರ್ತಿ ನಿಲ್ಲುವವರೆಗೆ ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದರು. ಹೊಟ್ಟು ಗುಡಿಸಲು ನಾನು ಆತುರಪಟ್ಟರೆ, “ಆಫ್ ಆಗಿದ್ದು ನಿಂಗೆ ಗೊತ್ತು, ಬ್ಲೇಡಿಗಿನ್ನೂ ಗೊತ್ತಿಲ್ಲ,” ಎನ್ನುತ್ತಿದ್ದರು.

ಇಂಥವರು ಬೆರಳು ಕಳೆದುಕೊಂಡ ಆ ದಿನ ಹೇಗೆ ಸ್ವಿಚ್ ಹಾಕಿದರು ಎಂಬುದನ್ನು ಬರೆಯಬೇಕು. ಅದನ್ನು ಬಿಟ್ಟು ಅವರ ಒಳ್ಳೆಯತನವನ್ನಷ್ಟೇ ಬರೆದರೆ ನಾನು ತಪ್ಪಿಸಿಕೊಂಡಂತೆ.

ಕೈ ತಾಗದಂತೆ ಬ್ಲೇಡಿನ ಮೇಲೆ ತಗಡಿನ ಒಂದು ಕವರ್ ಇರುತ್ತಿತ್ತು. ಆಯುಧಪೂಜೆಯ ದಿನ ಅದನ್ನು ಬಿಚ್ಚಿ, ಬ್ಲೇಡು ಒರೆಸಿ, ಎರಡೂ ಮೈಗೆ ವಿಭೂತಿ ಎಳೆಯುತ್ತಿದ್ದೆವು. ಕವರಿನ ಎರಡು ನಟ್ಟು ನಾನು ನಿಲ್ಲುವ ಆಚೆ ಬದಿಗಿದ್ದವು. ಬಿಚ್ಚುವುದು, ಬಿಗಿಯುವುದು ನನ್ನ ಕೆಲಸವೆಂದೇ ರೂಢಿ. ಆ ವರ್ಷ ಕವರಿಗೂ ಸೇವಂತಿಗೆ ಮಾಲೆ ಹಾಕಿ ಗೋಡೆಗೆ ಒರಗಿಸಿದ್ದರು. ಪೂಜೆ ಮುಗಿದ ಮೇಲೆ ತಟ್ಟೆ ಪ್ರಸಾದದ ಸಮೇತ ಯಜಮಾನರ ಮನೆಗೆ ಹೋಯಿತು. ವೀಳ್ಯದೆಲೆಯ ಅಡಿಯಲ್ಲಿ ಆ ಎರಡು ನಟ್ಟೂ ಹೋದವು.

ರಜೆ ಮುಗಿಸಿ ಬಂದ ಬೆಳಿಗ್ಗೆ ಇದು ನಮಗೆ ಗೊತ್ತಿರಲಿಲ್ಲ. ನೆಲವೆಲ್ಲ ತಡಕಿದೆವು. ಯಜಮಾನರು ಊರಲ್ಲಿರಲಿಲ್ಲ, ಹಾರ್ಡ್‌ವೇರ್ ಅಂಗಡಿ ಇನ್ನೂ ತೆರೆದಿರಲಿಲ್ಲ. ಶಿವಮೊಗ್ಗದಿಂದ ಬಂದ ಗಿರಾಕಿಯೊಬ್ಬರು ಗೂಡ್ಸ್ ಆಟೋ ನಿಲ್ಲಿಸಿಕೊಂಡು ಬಾಗಿಲಲ್ಲೇ ನಿಂತಿದ್ದರು. ಅವರ ಹೊಸ ಮನೆಯ ಹೊಸ್ತಿಲು ಪೂಜೆಗೆ ಅಂದೇ ಮುಹೂರ್ತ. ಹೊಸ್ತಿಲಿನ ಒಂದು ಅಂಚು ಸೀಳುವುದು ಬಾಕಿ ಇತ್ತು. ಮೇಸ್ತ್ರಿ ಬರಿಯ ಬ್ಲೇಡನ್ನು ನೋಡಿದರು, ಗಿರಾಕಿಯನ್ನು ನೋಡಿದರು.

“ಒಂದೇ ಪೀಸು. ಹಿಡ್ಕೋ.”

ನಾನು ಬೇಡ ಎನ್ನಬಹುದಿತ್ತು. ಹಿಡಿದುಕೊಂಡೆ.

ಮರದಲ್ಲಿ ಗಂಟಿತ್ತು; ಪೀಸು ಹಾರಿತು. ಸದ್ದು ನೆನಪಿಲ್ಲ. ಮೇಸ್ತ್ರಿ ಒಂದು ಕೈಯನ್ನು ಇನ್ನೊಂದರಲ್ಲಿ ಹಿಡಿದು, ತಾವೇ ಮೊಣಕಾಲಿನಿಂದ ಸ್ವಿಚ್ ಆರಿಸಿದ್ದು ನೆನಪಿದೆ. ನಾನು ಮೇಜಿನ ಮೇಲೆ ಬಾಗಿ ಅವರತ್ತ ಕೈ ಚಾಚಿದೆ. ಅವರು ಗದರಿದರು: “ನಿಲ್ಲಲಿ. ನಿಲ್ಲೋವರೆಗೂ ಕೈ ಹಾಕ್ಬೇಡ.” ಬ್ಲೇಡು ನಿಲ್ಲುವವರೆಗೆ ನಾವಿಬ್ಬರೂ ಎದುರುಬದುರು ನಿಂತಿದ್ದೆವು.

ಸಂಜೆ ಊರಿಗೆ ಮರಳಿದ ಯಜಮಾನರ ಮನೆಯವರು ತಟ್ಟೆ ತೊಳೆಯುವಾಗ ನಟ್ಟು ಸಿಕ್ಕವು. ಇಟ್ಟವನು ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ ಎಂದು ಯಜಮಾನರು ಕೂಗಾಡಿದರು, ನನ್ನತ್ತಲೇ ನೋಡುತ್ತ. ನಾನು ಬಾಯಿ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದಾಗ ಮೇಸ್ತ್ರಿ, ತಾವೇ ಬಿಚ್ಚಿ ತಟ್ಟೆಯಲ್ಲಿಟ್ಟಿದ್ದಾಗಿ ಹೇಳಿದರಂತೆ. ಅವರನ್ನು ಕೆಲಸದಿಂದ ಬಿಡಿಸುವ ಧೈರ್ಯ ಯಜಮಾನರಿಗಿರಲಿಲ್ಲ. ಹೀಗೆ ನನ್ನ ಕೆಲಸ ಉಳಿಯಿತು. ಉಳಿದದ್ದಷ್ಟೇ ಅಲ್ಲ: ಮೇಸ್ತ್ರಿ ತಿರುಗಿ ಬಂದಾಗ ಹಲಗೆ ತಳ್ಳುವ ಜಾಗ ನನ್ನದಾಗಿತ್ತು, ಎಳೆದುಕೊಳ್ಳುವ ಆಚೆ ಬದಿ ಅವರದು. ದಿನಾ ಬೆಳಿಗ್ಗೆ ಅವರು ಆ ಮೊಂಡು ಬೆರಳುಗಳಿಂದಲೇ ಎರಡು ನಟ್ಟನ್ನೂ ತಿರುಗಿಸಿ, ಜಾರಿ, ಮತ್ತೆ ತಿರುಗಿಸಿ ಬಿಗಿದಿವೆಯೇ ಎಂದು ನೋಡುತ್ತಿದ್ದರು. ನಾನು ಬರಲೇ ಎಂದರೆ ಕೇಳುತ್ತಿರಲಿಲ್ಲ. ಸ್ವಿಚ್ಚಿನ ಹತ್ತಿರ ನಿಂತು ಕಾಯುತ್ತಿದ್ದೆ.

ಒಂದು ಸಲ ಕೇಳಿಯೇಬಿಟ್ಟೆ, ನಿಜಕ್ಕೂ ನೀವೇ ಇಟ್ಟಿದ್ದಾ ಮೇಸ್ತ್ರಿ ಅಂತ.

“ಯಾರಿಟ್ರೇನು? ಸ್ವಿಚ್ ಹಾಕಿದ್ದು ನಾನು,” ಎಂದರು. ಗೋಡೆಯ ಮೊಳೆಯಿಂದ ವಾಚು ತೆಗೆದುಕೊಳ್ಳುತ್ತ, “ಹಿಡ್ಕೊಂಡಿದ್ದು ನೀನು,” ಎಂದರು. ನಗುತ್ತಿದ್ದರೆಂದು ಅಂದುಕೊಂಡಿದ್ದೇನೆ.

ಈಗ ಶಿವಮೊಗ್ಗದ ರಾಗಿಗುಡ್ಡದ ಹತ್ತಿರ ನನ್ನದೇ ಸಣ್ಣ ವರ್ಕ್‌ಶಾಪಿದೆ. ಆಯುಧಪೂಜೆಯಲ್ಲಿ ಕವರ್ ಬಿಚ್ಚಲು ನಾನು ಬಿಡುವುದಿಲ್ಲ, ವಿಭೂತಿ ಅದರ ಮೇಲೇ. ಬ್ಲೇಡಿಗೆ ಪೂಜೆಯಿಲ್ಲದ ವರ್ಕ್‌ಶಾಪ್ ಎಂದು ಕೆಲಸದವರು ಗೊಣಗುತ್ತಾರೆ. ಮೇಸ್ತ್ರಿ ಹೋದ ವರ್ಷ ಜ್ವರ ಬಂದು ತೀರಿಕೊಂಡರು. ಓಲ್ಡ್ ಟೌನ್‌ನ ಮನೆಯಲ್ಲಿ ವಿಭೂತಿ ಹಚ್ಚಿ ಕೂರಿಸಿದ್ದರು. ಕೈ ಯಾವುದೆಂದು ಆಗಲಾದರೂ ನೋಡಬಹುದಿತ್ತು. ಶಾಲು ಹೊದಿಸಿದ್ದರು.

ನಟ್ಟು ಬಿಚ್ಚುವಾಗ ನನ್ನ ಬೆರಳಿಗೆ ಎಣ್ಣೆ ಹತ್ತಿದ್ದು ಸ್ಪಷ್ಟವಾಗಿ ನೆನಪಿದೆ. ಆದರೆ ಪ್ರತಿ ವರ್ಷವೂ ಹತ್ತುತ್ತಿತ್ತು. ಆ ವರ್ಷ ಅವನ್ನು ತಟ್ಟೆಯಲ್ಲಿಟ್ಟವನು ನಾನೋ ಅವರೋ, ನನಗೆ ಗೊತ್ತಿಲ್ಲ.